ಮೌಸ್ ನನ್ನ ಕೈಲಿ, ಮಾತು ಪುಟ್ಟಿಯ ಬಾಯಲ್ಲಿ: ‘ದಿ ವಾಕಿಂಗ್ ಡೆಡ್’ ಮೊದಲ ಸೀಸನ್

ಮೊದಲೇ ಹೇಳಿಬಿಡುತ್ತೇನೆ. ‘ದಿ ವಾಕಿಂಗ್ ಡೆಡ್’ ಅನ್ನೋ ಈ ಕಂಪ್ಯೂಟರ್ ಆಟದ ಕೊನೆಯಲ್ಲಿ ಏನಾಗುತ್ತದೆ ಅನ್ನೋದನ್ನ ಮುಚ್ಚಿಟ್ಟು ಇದರ ಬಗ್ಗೆ ಬರೆಯೋಕೆ ನನ್ನಿಂದ ಆಗಲ್ಲ. ಇನ್ನೂ ಆಡದೆ, ಆಡಬೇಕು ಅಂದ್ಕೊಂಡಿರೋರು ಆಡಿ ಮುಗಿಸಿ ಆಮೇಲೆ ಓದಿ.

ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ನನ್ನದು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ರಿಪೇರಿಗೆ ಅಂತ ತಂದವರು ಖರ್ಚು ಕೇಳಿ ಬೇಡ ಅಂದು ನನಗೇ ಮಾರಿಹೋದ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಕೀಬೋರ್ಡ್ ಬದಲಾಯಿಸಿ, ಎಸ್‌ಎಸ್‌ಡಿ ಹಾಕಿ ಮನೆಗೆ ತಂದಿಟ್ಟೆ. ಹೊಸ ಆಟಗಳು ಅದರಲ್ಲಿ ಏಳೋದೇ ಇಲ್ಲ. 2012ರಲ್ಲಿ ಬಂದ ‘ದಿ ವಾಕಿಂಗ್ ಡೆಡ್’ ಮಾತ್ರ ಸಲೀಸಾಗಿ ಓಡಿತು. ಆಟ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಯಾಯಿತಿ ಇದ್ದಾಗ ತಗೊಂಡಿದ್ದೆ. ಗ್ರಾಫಿಕ್ಸ್ ಅಂದ್ರೆ ಕಾಮಿಕ್ ಪುಸ್ತಕದ ಹಾಗೆ, ದಪ್ಪ ಕಪ್ಪು ಗೆರೆ ಎಳೆದು ಬಣ್ಣ ತುಂಬಿದ ಮುಖಗಳು. ರಾಬರ್ಟ್ ಕರ್ಕ್‌ಮನ್ ಬರೆದ ಕಾಮಿಕ್ಕಿನ ಲೋಕವನ್ನೇ ಇಟ್ಟುಕೊಂಡು ಟೆಲ್‌ಟೇಲ್ ಕಂಪನಿಯವರು ಮಾಡಿದ್ದು ಅದು. ಒಟ್ಟು ಐದು ಕಂತು, ಒಂದೊಂದೂ ಎರಡು ಎರಡೂವರೆ ಗಂಟೆ.

ಪುಟ್ಟಿ ನನ್ನ ಅಕ್ಕನ ಮಗಳು. ಅಕ್ಕ ಭಾವ ಜಗಳೂರಿನ ಕಡೆ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಾರೆ. ಐದನೇ ಕ್ಲಾಸಿಗೆ ಇಲ್ಲಿ ಸೇರಿಸಿದಾಗಿನಿಂದ ಪಿಯುಸಿ ಮುಗಿಯೋವರೆಗೂ ನಮ್ಮನೆಯಲ್ಲೇ ಬೆಳೆದಳು. ಎಂಟು ವರ್ಷ. ಪರೀಕ್ಷೆ ಮುಗಿದು ಬೆಂಗಳೂರಿನ ಕಾಲೇಜು ಶುರುವಾಗೋವರೆಗೆ ಸಿಕ್ಕ ರಜೆಯಲ್ಲಿ ಇಬ್ಬರೂ ಸೇರಿ ಈ ಆಟ ಆಡಿದೆವು. ರಾತ್ರಿ ಅಂಗಡಿ ಬಾಗಿಲು ಹಾಕಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತಿದ್ದೆ. ಅವಳು ಅಷ್ಟರಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಕಾಯುತ್ತಿದ್ದಳು.

ಇದರಲ್ಲಿ ಗುಂಡು ಹೊಡೆಯೋ ಕೆಲಸ ಕಡಿಮೆ, ಮಾತಾಡೋ ಕೆಲಸ ಜಾಸ್ತಿ. ಯಾರಾದರೂ ಏನಾದರೂ ಕೇಳಿದರೆ ತೆರೆಯ ಕೆಳಗಡೆ ನಾಲ್ಕು ಉತ್ತರ ಬರುತ್ತವೆ. ಜೊತೆಗೆ ಒಂದು ಗೆರೆ ಕರಗುತ್ತಾ ಹೋಗುತ್ತದೆ. ಅದು ಕರಗೋದರೊಳಗೆ ಆರಿಸಬೇಕು. ಕನ್ನಡ ಸಬ್‌ಟೈಟಲ್ ಇಲ್ಲ. ಇಂಗ್ಲಿಷ್ ಓದಬಲ್ಲೆ, ಆದರೆ ಆ ವೇಗಕ್ಕೆ ಆಗಲ್ಲ. ಹಂಗಾಗಿ ನಮ್ಮಲ್ಲಿ ಒಂದು ಒಪ್ಪಂದ ಆಯಿತು. ಅವಳು ನಾಲ್ಕನ್ನೂ ಗಡಗಡ ಕನ್ನಡದಲ್ಲಿ ಹೇಳಬೇಕು, ನಾನು ಒತ್ತಬೇಕು. “ಬೇಗ ಮಾಮ, ಬೇಗ!” ಅನ್ನೋದರೊಳಗೆ ಎಷ್ಟೋ ಸಲ ಗೆರೆ ಮುಗಿದೇಹೋಗುತ್ತಿತ್ತು. ಆಗ ನಾವು ನಡೆಸೋ ಪಾತ್ರ ಲೀ ಸುಮ್ಮನೆ ನಿಲ್ಲುತ್ತಾನೆ. ಈ ಆಟ ಮೌನವನ್ನೂ ಉತ್ತರ ಅಂತಲೇ ಎಣಿಸುತ್ತದೆ. ಎದುರಿಗಿದ್ದವರು ಅದನ್ನ ಗಮನಿಸುತ್ತಾರೆ, ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತಾರೆ. ಮಕ್ಕಳ ಮುಂದೆ ಹೇಳಬೇಕಾದ್ದನ್ನ ಹೇಳದೆ ನಿಂತ ಸಂದರ್ಭ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನೂ ಲೆಕ್ಕಕ್ಕೆ ತಗೊಂಡ ಆಟ ಇದೊಂದೇ ನಾನು ಕಂಡಿದ್ದು.

ಲೀ ಎವರೆಟ್ ಇತಿಹಾಸದ ಮೇಷ್ಟ್ರು. ತನ್ನ ಹೆಂಡತಿಯ ಜೊತೆ ಮಲಗಿದ ಸೆನೆಟರ್ ಒಬ್ಬನನ್ನ ಕೊಂದು ಶಿಕ್ಷೆಗೆ ಗುರಿಯಾಗಿರುತ್ತಾನೆ. ಆಟ ತೆರೆದುಕೊಳ್ಳುವಾಗ ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ, ಕೈಗೆ ಕೋಳ ಹಾಕಿಸಿಕೊಂಡು, ಅಮೆರಿಕದ ಅಟ್ಲಾಂಟಾ ಬಿಟ್ಟು ಜೈಲಿನ ಕಡೆ ಹೊರಟಿದ್ದಾನೆ. ಸತ್ತವರು ಎದ್ದು ಓಡಾಡೋಕೆ ಶುರುವಾದ ದಿನ ಅದು. ಕಾರು ಉರುಳುತ್ತದೆ, ಇವನು ಕುಂಟುತ್ತಾ ಒಂದು ಮನೆ ಸೇರುತ್ತಾನೆ. ಹಿತ್ತಲಲ್ಲಿ ಮರದ ಮೇಲೆ ಹಲಗೆ ಬಡಿದು ಕಟ್ಟಿದ ಪುಟ್ಟ ಮನೆ. ಅದರಲ್ಲಿ ಎಂಟು ವರ್ಷದ ಕ್ಲೆಮೆಂಟೈನ್ ಒಬ್ಬಳೇ, ಕೈಯಲ್ಲಿ ವಾಕಿಟಾಕಿ, ತಲೆ ಮೇಲೆ ಟೋಪಿ. ಅಪ್ಪ ಅಮ್ಮ ಸವಾನಾ ಅನ್ನೋ ಊರಿಗೆ ಹೋದವರು ವಾಪಸ್ ಬಂದಿಲ್ಲ. ಲೀ ಅವಳಿಗೆ ಅಪ್ಪನೂ ಅಲ್ಲ, ಬಂಧುವೂ ಅಲ್ಲ. ಇವಳನ್ನ ನೋಡ್ಕೊ ಅಂತ ಅವನಿಗೆ ಯಾರೂ ಹೇಳಿಲ್ಲ.

ಐದು ಕಂತುಗಳ ನಡುವಿನ ಕಥೆಯನ್ನೆಲ್ಲ ಇಲ್ಲಿ ಒದರಲ್ಲ. ಹೊಲದ ಮನೆ, ಔಷಧಿ ಅಂಗಡಿ, ಮೋಟೆಲ್, ಜೊತೆಯವರ ಜಗಳ, ಬೆನ್ನಿಗೆ ಚೂರಿ ಎಲ್ಲಾ ಇದೆ, ಚೆನ್ನಾಗಿಯೇ ಇದೆ. ನಾಲ್ಕನೇ ಕಂತು ಸ್ವಲ್ಪ ಎಳೆದಂಗಿದೆ. ಎರಡು ವಿಷಯ ಮಾತ್ರ ಹೇಳುತ್ತೇನೆ.

ಮೊದಲನೇದು, ನಾವು ಏನಾದರೂ ಮಾಡಿದಾಗ, ಹೇಳಿದಾಗ ತೆರೆಯ ಮೂಲೆಯಲ್ಲಿ ಒಂದು ಸಾಲು ಮೂಡುತ್ತದೆ. ಕ್ಲೆಮೆಂಟೈನ್ ಇದನ್ನ ನೆನಪಿಟ್ಟುಕೊಳ್ಳುತ್ತಾಳೆ ಅಂತ. ಮೊದಲ ರಾತ್ರಿ ಅದನ್ನ ಓದಿದ ಪುಟ್ಟಿ, “ನಾನೂ ಇಟ್ಕೊಂಡಿದೀನಿ ಮಾಮ” ಅಂದಳು. ಏನು ಅಂದೆ. ಆರನೇ ಕ್ಲಾಸಿನಲ್ಲಿ ದುಗ್ಗಮ್ಮನ ಜಾತ್ರೆಗೆ ಕರೆದುಕೊಂಡು ಹೋಗ್ತೀನಿ ಅಂದು, ಅಂಗಡಿ ಕೆಲಸ ಮುಗಿಯದೆ ನಾನು ಬರಲೇ ಇಲ್ಲವಂತೆ. ಹೊಸ ಲಂಗ ಹಾಕಿಕೊಂಡು ಗೇಟಿನ ಹತ್ತಿರ ಕೂತಿದ್ದಳಂತೆ. ನಮ್ಮೂರಲ್ಲಿ ಆ ಜಾತ್ರೆ ಎರಡು ವರ್ಷಕ್ಕೊಂದು ಸಲ. ಮುಂದಿನ ಸಲ ಹೋದೆವು, ಆದರೆ ಅಷ್ಟೊತ್ತಿಗೆ ಅವಳಿಗೆ ಲಂಗ ಹಾಕೋ ವಯಸ್ಸು ಮುಗಿದಿತ್ತು. ನನಗೆ ಇದು ಒಂಚೂರೂ ನೆನಪಿರಲಿಲ್ಲ. ಆ ಸಾಲು ಮೂಡಿದಾಗೆಲ್ಲ ಅವಳ ಮುಖ ನೋಡುವಂತಾಯಿತು.

ಎರಡನೇದು, ಮೂರನೇ ಕಂತಿನಲ್ಲಿ ಬರೋ ರೈಲು. ದಾರಿಯಲ್ಲಿ ಸಿಕ್ಕ ವಯಸ್ಸಾದ ಅಲೆಮಾರಿಯೊಬ್ಬ ಲೀಗೆ ನೇರವಾಗಿ ಹೇಳುತ್ತಾನೆ, ಹೀಗೇ ಇಟ್ಟುಕೊಂಡರೆ ಈ ಮಗು ಬದುಕಲ್ಲ, ಏನಾದರೂ ಕಲಿಸು ಅಂತ. ಲೀ ಅವಳಿಗೆ ಬಂದೂಕು ಹಿಡಿಯೋದು ಹೇಳಿಕೊಡುತ್ತಾನೆ. ಆಮೇಲೆ ಕತ್ತರಿ ತಗೊಂಡು, ಯಾರ ಕೈಗೂ ಸಿಗದ ಹಾಗೆ ಕೂದಲು ಕತ್ತರಿಸುತ್ತಾನೆ. ಕ್ಲಿಕ್ ಮಾಡೋದು ನಾವೇ. ಮಗುವಿನ ಕೂದಲು ಕತ್ತರಿಸೋದನ್ನ ಇಷ್ಟು ನಿಧಾನಕ್ಕೆ, ಇಷ್ಟು ಜತನವಾಗಿ ಆಟಗಾರನ ಕೈಯಲ್ಲಿ ಮಾಡಿಸಿದ್ದಾರಲ್ಲ, ಆ ಯೋಚನೆ ಬಂದವರಿಗೆ ಕೈ ಮುಗಿಯುತ್ತೇನೆ. ಕಟ್ಟಿಂಗ್ ಆದಮೇಲೆ ಪುಟ್ಟಿ ತನ್ನ ಜಡೆ ಮುಂದಕ್ಕೆ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಎಂಟು ವರ್ಷ ಆ ಜಡೆ ಹೆಣೆದವಳು ನನ್ನ ಹೆಂಡತಿ.

ನಾಲ್ಕನೇ ಕಂತಿನ ಕೊನೆಗೆ ಸತ್ತು ಎದ್ದವನೊಬ್ಬ ಲೀಯನ್ನ ಕಚ್ಚುತ್ತಾನೆ. ಕಚ್ಚಿಸಿಕೊಂಡವರು ಸತ್ತು ಅವರ ಹಾಗೇ ಬದಲಾಗುತ್ತಾರೆ. ನೀವು ಹಿಂದೆ ಏನು ಆರಿಸಿದ್ದರೂ ಇದು ತಪ್ಪಲ್ಲ. ಐದನೆಯದರಲ್ಲಿ ಕೈ ಕತ್ತರಿಸಿಕೊಂಡರೂ ಅವನು ಉಳಿಯಲ್ಲ. “ಆರಿಸೋದು ನಾವೇ ಅಂತಾರೆ, ಏನೂ ಬದಲಾಗಲ್ಲ” ಅಂತ ಈ ಆಟದ ಮೇಲೆ ದೂರು ಹೇಳುವವರಿದ್ದಾರೆ. ದೂರು ಸುಳ್ಳಲ್ಲ, ಕಥೆಯ ದಾರಿ ಒಂದೇ. ಆದರೆ ನನಗೆ ಅದೇ ಸರಿ ಅನ್ನಿಸಿತು. ಅಗಲೋದನ್ನ ತಪ್ಪಿಸೋಕೆ ಆಗಲ್ಲ, ಅಗಲುವಾಗ ಏನು ಹೇಳ್ತೀವಿ ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು ಅಂತ ಆಟ ಕಟ್ಟಿದವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಸವಾನಾದ ಬೀದಿಯಲ್ಲಿ, ಸತ್ತು ಎದ್ದವರ ಗುಂಪಿನ ನಡುವೆ, ಕ್ಲೆಮೆಂಟೈನ್ ತನ್ನ ಅಪ್ಪ ಅಮ್ಮನನ್ನ ನೋಡುತ್ತಾಳೆ. ಅವರೂ ಹಂಗೇ ಆಗಿದ್ದಾರೆ. ಅಲ್ಲೇ ಲೀ ಕುಸಿದುಬೀಳುತ್ತಾನೆ. ಕಣ್ಣು ಬಿಟ್ಟರೆ ಒಂದು ಮುಚ್ಚಿದ ಅಂಗಡಿಯೊಳಗೆ. ಇಷ್ಟು ಚಿಕ್ಕ ಹುಡುಗಿ ಅಷ್ಟು ದೊಡ್ಡ ಗಂಡಸನ್ನ ಒಳಗೆ ಎಳೆದು ತಂದಿದ್ದಾಳೆ. ತಾನು ಬದಲಾದರೆ ಮಗುವಿಗೆ ತೊಂದರೆ ಆಗಬಾರದು ಅಂತ ಲೀ ಅವಳ ಕೈಯಿಂದಲೇ ತನಗೆ ಕೋಳ ಹಾಕಿಸಿಕೊಳ್ಳುತ್ತಾನೆ. ಮೊದಲ ದೃಶ್ಯದಲ್ಲಿ ಪೊಲೀಸರು ಹಾಕಿದ್ದ ಕೋಳ ನನಗೆ ನೆನಪಾಯಿತು. ಕೊಲೆ ಮಾಡಿದವನ ಕೈಗೂ ಕೋಳ, ಮಗು ಉಳಿಸಿದವನ ಕೈಗೂ ಕೋಳ.

ಇಲ್ಲಿಂದ ಮುಂದಿನ ಕೆಲವು ನಿಮಿಷದಲ್ಲಿ ನಾವು ಮಾಡೋ ಕೆಲಸ ಒಂದೇ, ಮಾತು ಆರಿಸೋದು. ಇನ್ನು ಯಾರನ್ನ ಹುಡುಕಿಕೊಂಡು ಹೋಗಬೇಕು, ಹೆಂಗೆ ಬದುಕಬೇಕು, ಕೂದಲು ಚಿಕ್ಕದಾಗೇ ಇಟ್ಕೊ, ಇಂಥವು. ಪುಟ್ಟಿ ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ. ಆಮೇಲೆ ಲೀ ಆಡಿದ್ದನ್ನೂ ಅವಳೇ ಕನ್ನಡ ಮಾಡಿ ಹೇಳುತ್ತಿದ್ದಳು. ಸಾಕಿದವನು ಮಗುವಿಗೆ ಹೇಳೋ ಕಡೇ ಮಾತನ್ನ, ನಾನು ಸಾಕಿದ ಮಗು ನನಗೆ ಹೇಳುತ್ತಿತ್ತು. ನೀನು ಗಟ್ಟಿಯಾಗಿದೀಯ, ನಿನ್ನಿಂದ ಆಗುತ್ತೆ, ಹೆದರಬೇಡ. ದನಿ ಎಲ್ಲೋ ಸಿಕ್ಕಿಕೊಂಡಿತು. ಆದರೂ ಬಿಡಲಿಲ್ಲ, ಹೇಳಿದಳು. ಲೀಗೆ ದನಿ ಕೊಟ್ಟ ಡೇವ್ ಫೆನಾಯ್, ಕ್ಲೆಮೆಂಟೈನ್‌ಗೆ ದನಿ ಕೊಟ್ಟ ಮೆಲಿಸಾ ಹಚಿಸನ್ ಇಬ್ಬರದೂ ಎಷ್ಟು ದೊಡ್ಡ ಕೆಲಸ ಅಂತ ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಇನ್ನೊಂದು ಸಲ ಕೇಳಿದಾಗ ಗೊತ್ತಾಯಿತು. ಆದರೆ ನನ್ನ ಪಾಲಿಗೆ ಲೀಯ ದನಿ ಪುಟ್ಟಿಯದೇ.

ಕೊನೇ ಆಯ್ಕೆ: ತಾನು ಬದಲಾಗೋ ಮೊದಲೇ ಗುಂಡು ಹೊಡಿ ಅಂತ ಮಗುವಿಗೆ ಹೇಳೋದಾ, ಇಲ್ಲಾ ಹಂಗೇ ಬಿಟ್ಟು ಹೋಗು ಅನ್ನೋದಾ. ಬಿಟ್ಟುಹೋಗು ಅನ್ನೋದನ್ನ ನಾನು ತಕ್ಷಣ ಒತ್ತಿದೆ. ಅಷ್ಟು ಚಿಕ್ಕ ಮಗುವಿನ ಕೈಯಲ್ಲಿ ಅಂಥ ಕೆಲಸ ಮಾಡಿಸೋಕೆ ನನ್ನಿಂದ ಸಾಧ್ಯವೇ ಇರಲಿಲ್ಲ. ಪುಟ್ಟಿ ಮಾತು ನಿಲ್ಲಿಸಿಬಿಟ್ಟಳು. ಆಟ ಮುಗಿದು ಹೆಸರುಗಳು ಓಡುವಾಗ ಹೇಳಿದಳು, “ನೀನು ತಪ್ಪು ಮಾಡ್ದೆ ಮಾಮ. ಅವನು ಅಲ್ಲಿ ಹೆಂಗಾಗಿದಾನೋ ಅಂತ ಅವಳು ಜೀವನಪೂರ್ತಿ ಯೋಚನೆ ಮಾಡ್ತಾಳೆ. ಅವಳಿಗೆ ಆಗ್ತಿತ್ತು. ನಿನಗೆ ಆಗ್ಲಿಲ್ಲ.” ಎಷ್ಟು ಸಲ ಹಿಂದೆ ಮುಂದೆ ಯೋಚಿಸಿದರೂ ನಾನು ಒತ್ತಿದ್ದೇ ಸರಿ ಅನ್ನಿಸುತ್ತದೆ. ಅವಳು ಹೇಳಿದ್ದೂ ಸರಿ ಅನ್ನಿಸುತ್ತದೆ. ಪ್ರತಿ ಕಂತಿನ ಕೊನೆಗೆ ಬೇರೆ ಆಟಗಾರರು ಎಷ್ಟು ಜನ ಏನು ಆರಿಸಿದರು ಅಂತ ಶೇಕಡಾ ಲೆಕ್ಕ ತೋರಿಸುತ್ತದೆ. ಆವತ್ತು ಇಬ್ಬರೂ ಅದನ್ನ ನೋಡಲಿಲ್ಲ.

ಅವಳು ಬೆಂಗಳೂರಿಗೆ ಹೋದಮೇಲೆ ವಿದ್ಯಾನಗರದಲ್ಲಿರೋ ನನ್ನ ಅಣ್ಣನ ಮಗನ ಮನೆಯಲ್ಲಿ ಪಿಎಸ್4 ಅನ್ನೋ ಗೇಮ್ ಪೆಟ್ಟಿಗೆ ಮೇಲೆ ‘ಗಾಡ್ ಆಫ್ ವಾರ್ ರಾಗ್ನರಾಕ್’ ಆಡಿ ಮುಗಿಸಿದೆ. 2022ರ ಆಟ, ಹಣ ಸುರಿದು ಮಾಡಿದ್ದು. ಅದರಲ್ಲೂ ಕೊನೆಗೆ ತಂದೆ ಮಗ ಅಗಲುತ್ತಾರೆ, ಆದರೆ ಇಬ್ಬರೂ ಬದುಕಿರುತ್ತಾರೆ. ಮಗ ಅಟ್ರಿಯಸ್ ತನ್ನ ತಾಯಿಯ ಕುಲದ ದೈತ್ಯರು ಎಲ್ಲೆಲ್ಲಿ ಉಳಿದಿದ್ದಾರೋ ಹುಡುಕೋಕೆ ಒಬ್ಬನೇ ಹೊರಡುತ್ತಾನೆ. ಇದರ ಹಿಂದಿನ, 2018ರ ಆಟದುದ್ದಕ್ಕೂ ಮಗನನ್ನ ‘ಹುಡುಗಾ’ ಅಂತಲೇ ಗದರಿಕೊಂಡು ಬಂದ ಅಪ್ಪ ಕ್ರೇಟೋಸ್ ಹೋಗು ಅಂತಾನೆ, ಅಪ್ಪಿಕೊಳ್ಳುತ್ತಾನೆ. ಮಾತು ಸ್ವಲ್ಪವೇ. ನಮ್ಮ ಕಡೆ ಅಪ್ಪಂದಿರು ಹೆಚ್ಚಾಗಿ ಅಷ್ಟೇ ಮಾತಾಡೋದು. ಆ ದೃಶ್ಯ ಚೆನ್ನಾಗಿದೆ. ಆದರೆ ನನಗೆ ಏಟು ಬಿದ್ದಿದ್ದು ಅದರಾಚೆ. ಅಲ್ಲಿಯವರೆಗೂ ಚೌಕದ ಬಟನ್ ಒತ್ತಿದರೆ ಜೊತೆಗಿರೋ ಮಗ ಬಾಣ ಬಿಡುತ್ತಿದ್ದ. ಕಥೆ ಮುಗಿದಮೇಲೂ ಲೋಕ ತಿರುಗಬಹುದು, ಉಳಿದ ಕೆಲಸ ಮಾಡಬಹುದು. ಆಗ ಅದೇ ಬಟನ್ ಒತ್ತಿದರೆ ಈಗ ಜೊತೆಗಿರೋ ಫ್ರೇಯಾ ಅನ್ನೋ ದೇವತೆ ಬಾಣ ಬಿಡುತ್ತಾಳೆ. ಬೆರಳಿಗೆ ಅಭ್ಯಾಸ ಆಗಿಹೋಗಿದೆ, ಒತ್ತುತ್ತದೆ, ಉತ್ತರ ಬರೋದು ಬೇರೆ ಕಡೆಯಿಂದ. ಪುಟ್ಟಿ ಊರು ಬಿಟ್ಟ ವಾರದಲ್ಲಿ ಅಂಗಡಿಯಿಂದ ಬರುವಾಗ ನಾನು ಎರಡು ದಿನ ಮೂರು ಜನಕ್ಕಾಗುವಷ್ಟು ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದೆ.

ಎರಡರಲ್ಲಿ ಯಾವುದು ದೊಡ್ಡದು ಅಂದರೆ ನಾನು ‘ವಾಕಿಂಗ್ ಡೆಡ್’ ಅಂತಲೇ ಹೇಳುತ್ತೇನೆ. ರಾಗ್ನರಾಕ್‌ನಲ್ಲಿ ಬೀಳ್ಕೊಡುಗೆಯನ್ನ ನಾವು ನೋಡುತ್ತೇವೆ, ಇದರಲ್ಲಿ ಬೀಳ್ಕೊಡೋರು ನಾವೇ. ನಮ್ಮ ಮನೆಗಳಲ್ಲಿ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ಆ ‘ಬರ್ತೀನಿ’ಯ ಕೆಳಗೆ ಎಷ್ಟೋ ಮಾತು ಬಚ್ಚಿಟ್ಟುಕೊಂಡು ಕೂತಿರುತ್ತವೆ. ಲೀಗೆ ‘ಬರ್ತೀನಿ’ ಅನ್ನೋಕೆ ಬರೋ ಹಾಗಿಲ್ಲ. ಅದಕ್ಕೇ ಅವನು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಯಿತು.

ಕೊಳ್ಳೋರಿಗೆ ಒಂದೆರಡು ಮಾತು. ಇದು ಮಕ್ಕಳಿಗಲ್ಲ. ಚಿತ್ರ ಕಾಮಿಕ್ ಥರ ಇದ್ದರೂ ರಕ್ತ, ಕೈಕಾಲು ಕಡಿಯೋದು ಧಾರಾಳ, ಬೈಗುಳವೂ ಇದೆ. ಹದಿನೆಂಟು ದಾಟಿದವರ ಜೊತೆ ಕೂತು ಆಡಿ. ಹಳೇ ಲ್ಯಾಪ್‌ಟಾಪ್ ಸಾಕು. ಟೆಲ್‌ಟೇಲ್ 2018ರಲ್ಲಿ ಮುಚ್ಚಿಹೋದಾಗ ಕೊನೆಯ ಸೀಸನ್ ಅರ್ಧಕ್ಕೆ ನಿಂತಿತ್ತು. ಕರ್ಕ್‌ಮನ್ ಅವರ ಸ್ಕೈಬೌಂಡ್ ಕಂಪನಿ ಅದನ್ನ ಕೈಗೆತ್ತಿಕೊಂಡು 2019ರಲ್ಲಿ ಮುಗಿಸಿತು. ಅದೇ ವರ್ಷ ಎಲ್ಲ ಸೀಸನ್ ಸೇರಿಸಿ ಒಂದೇ ಕಟ್ಟಾಗಿ ತಂದರು. ಈಗ ತಗೊಳ್ಳೋದಾದರೆ ಅದನ್ನೇ ತಗೊಳ್ಳಿ. ಇಂಗ್ಲಿಷ್ ವೇಗವಾಗಿ ಓದೋರು ಪಕ್ಕದಲ್ಲಿ ಇದ್ದರೆ ಒಳ್ಳೇದು.

ಬೆಳಗಿನ ರೈಲಿಗೆ ಪುಟ್ಟಿಯನ್ನ ಹತ್ತಿಸೋಕೆ ನಾನು, ನನ್ನ ಹೆಂಡತಿ, ಅಕ್ಕ, ಭಾವ ಎಲ್ಲ ಹೋಗಿದ್ದೆವು. ಬ್ಯಾಗ್ ಮೇಲಿಟ್ಟೆ, ನೀರಿನ ಬಾಟಲಿ ಕೊಟ್ಟೆ. “ಬರ್ತೀನಿ ಮಾಮ” ಅಂದಳು. ನನ್ನ ತಲೆಯೊಳಗೆ ನಾಲ್ಕು ಉತ್ತರ ಇದ್ದವು, ರೈಲು ಹೊರಟಿತು. ಪ್ಲಾಟ್‌ಫಾರಂ ದಾಟುವ ಮೊದಲೇ ಫೋನಿಗೆ ಅವಳ ಮೆಸೇಜ್ ಬಂತು: “ಪುಟ್ಟಿ ಇದನ್ನ ನೆನಪಿಟ್ಟುಕೊಳ್ಳುತ್ತಾಳೆ.”

ಎರಡನೇ ಸೀಸನ್ ಇಳಿಸಿ ಇಟ್ಟಿದ್ದೇನೆ, ಇನ್ನೂ ತೆರೆದಿಲ್ಲ. ದೀಪಾವಳಿಗೆ ಪುಟ್ಟಿ ಬರುತ್ತಾಳೆ. ಅದರಲ್ಲಿ ಆಟಗಾರ ನಡೆಸೋದು ಕ್ಲೆಮೆಂಟೈನ್‌ಳನ್ನ, ಲೀಯನ್ನಲ್ಲ. ಈ ಸಲ ಮೌಸ್ ಪುಟ್ಟಿಯ ಕೈಯಲ್ಲಿ. ಉತ್ತರಗಳನ್ನ ನಾನು ಓದಿ ಹೇಳಬೇಕಂತೆ, ಅದಕ್ಕೆ ದಿನಾ ರಾತ್ರಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಬೇಗ ಓದೋದು ಅಭ್ಯಾಸ ಮಾಡ್ತಾ ಇದ್ದೇನೆ.