ಮಾತಾಡಿಸಿ ಭಾಷೆ ಕಲಿಸುವ ಟ್ರೈನಿಂಗ್: ನಮ್ಮ ಕಾಸರಗೋಡಿನ ಟೀಚರುಗಳಿಗೆ ಹೇಗುಂಟು?

ಹೋಗಿ ಅಂತಲೇ ನಾನು ಹೇಳುದು, ಆದ್ರೆ ನಮ್ಮ ಊರಿನ ಕ್ಲಾಸಿಗೆ ತುಂಬ ಬೇಕಾದ ಒಂದು ಭಾಗ ಅದರಲ್ಲಿ ಇಲ್ಲ, ಅದು ಗೊತ್ತಿದ್ದು ಹೋದ್ರೆ ಒಳ್ಳೇದು.

ಎರಡನೇ ಭಾಷೆ ಕಲಿಸುವವರಿಗೆ ಮಾತಾಡಿಸಿಯೇ ಭಾಷೆ ಕಲಿಸುವ ವಿಧಾನ, ಅಂದ್ರೆ ಕಮ್ಯುನಿಕೇಟಿವ್ ಲ್ಯಾಂಗ್ವೇಜ್ ಟೀಚಿಂಗಿನ (ಸಿಎಲ್‌ಟಿ) ಶುರುವಿನ ಹಂತದ ಕೋರ್ಸ್ ಇದು, ರಜೆಯಲ್ಲಿ ಕಾಸರಗೋಡು ಪೇಟೆಯಲ್ಲೇ ನಡೆದದ್ದು. ನಾನು ಕಲಿಸುದು ಮಲಯಾಳ ಮನೆಮಾತಿನವರಿಗೆ ಕನ್ನಡ, ದಿನಾ ರೈಲಲ್ಲಿ ಮಂಗಳೂರಿಗೆ ಹೋಗಿ ಬರುವ ನರ್ಸಿಂಗ್ ಮಕ್ಕಳು, ಅಲ್ಲಿ ಅಂಗಡಿಗಳಲ್ಲಿ ಕೆಲಸಕ್ಕಿರುವವರು, ಹೀಗೆ. ಬಂದವರಲ್ಲಿ ಇಂಗ್ಲಿಷ್ ಟೀಚರುಗಳೇ ಜಾಸ್ತಿ. ಕನ್ನಡ ಮೀಡಿಯಂ ಮಕ್ಕಳಿಗೆ ಮಲಯಾಳ ಕಲಿಸುವವರೂ ಇದ್ರು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿ ಎಷ್ಟು ಪ್ರತಿಭಟನೆ ಆಯ್ತು ಅಂತ ನಿಮಗೆಲ್ಲ ಗೊತ್ತುಂಟಲ್ಲ, ಆ ಮಕ್ಕಳಿಗೆ ಬೋರ್ಡಲ್ಲಿ ಅಕ್ಷರ ಬರೆಸುದು ಬಿಟ್ಟು ಬೇರೆ ದಾರಿ ಬೇಕು ಅಂತ ಹುಡುಕಿಕೊಂಡು ಬಂದವರು ಅವರು.

ಥಿಯರಿ ಭಾಗ ಚಿಕ್ಕದಾಗಿಯೇ ಮುಗಿಸಿದ್ರು, ಅದು ಒಳ್ಳೇದಾಯ್ತು. ಡೆಲ್ ಹೈಮ್ಸ್ ಎನ್ನುವ ವಿದ್ವಾಂಸ 1972ರ ಲೇಖನದಲ್ಲಿ ಹೇಳಿದ ಮಾತಿನ ಸಾರ ಇಷ್ಟು, ವ್ಯಾಕರಣ ಸರಿ ಇದ್ರೆ ಮಾತ್ರ ಸಾಲದು, ಯಾರ ಹತ್ರ ಎಲ್ಲಿ ಹೇಗೆ ಮಾತಾಡ್ಬೇಕು ಅಂತಲೂ ಗೊತ್ತಿರ್ಬೇಕು. ನನ್ನ ಕ್ಲಾಸಲ್ಲಿ ಇದು ದಿನಾ ಕಾಣ್ತದೆ. ವಾರ್ಡಲ್ಲಿ ಅಜ್ಜಿ ಹತ್ರ "ನೀನು ಮಾತ್ರೆ ತಿಂದ್ಯಾ" ಅಂತ ಕೇಳಿದ್ರೆ ವಾಕ್ಯದಲ್ಲಿ ತಪ್ಪೇ ಇಲ್ಲ, ಆದ್ರೆ ಆ ಅಜ್ಜಿಗೆ ಬೇಜಾರಾಗ್ತದೆ, "ಮಾತ್ರೆ ತಗೊಂಡ್ರಾ ಅಜ್ಜಿ" ಅಂತ ಕೇಳ್ಲಿಕ್ಕೆ ಕಲಿಸ್ಬೇಕು, ಅದನ್ನು ಪಾಠದ ಕೊನೆಗೆ ಸೇರಿಸಿದ್ರೆ ಆಗುದಿಲ್ಲ, ಮೊದಲ ದಿನದಿಂದಲೇ ಬೇಕು.

ಕೋರ್ಸಿನ ಜೀವ ಇರುದು ಇನ್ಫರ್ಮೇಶನ್ ಗ್ಯಾಪ್ ಚಟುವಟಿಕೆಯಲ್ಲಿ. ಇಬ್ಬರನ್ನು ಎದುರುಬದುರು ಕೂರಿಸಿ ಒಬ್ಬರ ಹತ್ರ ಅರ್ಧ ಮಾಹಿತಿ, ಇನ್ನೊಬ್ಬರ ಹತ್ರ ಉಳಿದ ಅರ್ಧ, ಚೀಟಿ ತೋರಿಸ್ಲಿಕ್ಕಿಲ್ಲ, ಕೇಳಿಯೇ ತುಂಬಿಸ್ಬೇಕು. ನಾನು ಬಂದ ಮೇಲೆ ರೈಲಿನ ಟೈಮ್ ಟೇಬಲಲ್ಲಿ ಮಾಡಿದೆ, ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ, ಒಂದು ಚೀಟಿಯಲ್ಲಿ ಕೆಲವು ಸ್ಟೇಷನಿನ ಟೈಮ್ ಖಾಲಿ, ಇನ್ನೊಂದರಲ್ಲಿ ಬೇರೆಯವು. "ಕುಂಬಳೆಗೆ ಎಷ್ಟು ಗಂಟೆಗೆ ಬರ್ತದೆ?" ಅಂತ ಕೇಳದೆ ಬೇರೆ ದಾರಿಯೇ ಇಲ್ಲ! ಬಾಯಿಯೇ ಬಿಡದಿದ್ದ ಹುಡುಗಿ ಒಬ್ಬಳು ಜತೆಯವಳ ಹತ್ರ ಪುನಃ ಪುನಃ "ಇನ್ನೊಮ್ಮೆ ಹೇಳು" ಅಂತ ಕೇಳಿಕೊಂಡು ಬರೆದ್ಳು, ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಟ್ರೈನಿಂಗಲ್ಲಿ ಎನ್.ಎಸ್. ಪ್ರಭು ಅವರ ಬೆಂಗಳೂರು ಪ್ರಾಜೆಕ್ಟಿಗೆ ಸಿಕ್ಕಿದ್ದು ಎರಡೇ ಮಾತು, ಇದು ನನಗೆ ಬೇಸರ ಆದ ವಿಷಯ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಮಾಮೂಲಿ ಶಾಲೆಗಳಲ್ಲಿ, ದೊಡ್ಡ ದೊಡ್ಡ ಕ್ಲಾಸುಗಳಲ್ಲೇ, ವ್ಯಾಕರಣದ ಪಟ್ಟಿ ಬದಿಗಿಟ್ಟು ನಕಾಶೆ, ಟೈಮ್ ಟೇಬಲ್ ಕೊಟ್ಟು ಯೋಚನೆ ಮಾಡಿಸಿ ಇಂಗ್ಲಿಷ್ ಕಲಿಸಿದ ಪ್ರಯೋಗ ಅದು, ಜಗತ್ತೇ ಇವತ್ತಿಗೂ ಓದ್ತದೆ. ಇನ್ಫರ್ಮೇಶನ್ ಗ್ಯಾಪ್, ರೀಸನಿಂಗ್ ಗ್ಯಾಪ್ (ಕೊಟ್ಟ ಮಾಹಿತಿಯಿಂದ ಯೋಚನೆ ಮಾಡಿ ಉತ್ತರ ಹುಡುಕುದು), ಒಪೀನಿಯನ್ ಗ್ಯಾಪ್ (ತನ್ನ ಅಭಿಪ್ರಾಯ ಹೇಳುದು) ಅಂತ ಚಟುವಟಿಕೆಗಳನ್ನು ಮೂರು ಮಾಡಿ ವಿಂಗಡಿಸಿದವರೂ ಅವರೇ. ಅದರ ಬದಲು ನಮಗೆ ಕೊಟ್ಟ ಹಾಳೆಗಳಲ್ಲಿ ಪೂರ ವಿದೇಶದ ಹೋಟೆಲ್, ಏರ್‌ಪೋರ್ಟ್. ಬದಿಯಡ್ಕದ ಮಕ್ಕಳಿಗೆ ಬದಿಯಡ್ಕದ ಬಸ್ ಸ್ಟ್ಯಾಂಡ್ ಕೊಡಿ ಸ್ವಾಮಿ.

ತಪ್ಪು ತಿದ್ದುವ ವಿಷಯ ಚೆನ್ನಾಗಿ ಹೇಳಿಕೊಟ್ರು. ಮಾತಾಡುವಾಗ ಮಧ್ಯೆ ತಡೀಬೇಡಿ, ಬರೆದಿಟ್ಕೊಳ್ಳಿ, ಚಟುವಟಿಕೆ ಮುಗಿದ ಮೇಲೆ ಹೆಸರು ಹೇಳದೆ ಬೋರ್ಡಲ್ಲಿ ಹಾಕಿ ಎಲ್ಲರ ಹತ್ರ ಸರಿ ಮಾಡಿಸಿ. ಆದ್ರೆ ಎಲ್ಲ ತಪ್ಪೂ ಮಾತಾಡ್ತಾ ಮಾತಾಡ್ತಾ ತನ್ನಷ್ಟಕ್ಕೇ ಹೋಗ್ತದೆ ಎನ್ನುವ ಧಾಟಿ ಇತ್ತು, ಅದನ್ನು ನಾನು ಒಪ್ಪುದಿಲ್ಲ. ಮಲಯಾಳದಲ್ಲಿ ಅವನು ಬಂದ್ರೂ ಅವಳು ಬಂದ್ರೂ ಕ್ರಿಯಾಪದ ಒಂದೇ, ಕನ್ನಡದಲ್ಲಿ ಬಂದ, ಬಂದ್ಳು, ಬಂದ್ರು, ಬಂತು ಅಂತ ಬದಲಾಗ್ತದೆ, ತಪ್ಪು ಹೇಳಿದ್ರೂ ಎದುರಿನವರಿಗೆ ಅರ್ಥ ಆಗ್ತದೆ, ಹಾಗಾಗಿ ಯಾರಾದ್ರೂ ಕೂತು ತೋರಿಸಿಕೊಡದಿದ್ರೆ ಅದು ಹಾಗೇ ಉಳಿತದೆ.

ಮೊದಲೇ ಹೇಳಿದೆನಲ್ಲ ಇಲ್ಲದ ಭಾಗ, ಅದು ಇದು: ಇಡೀ ಕೋರ್ಸು ಕ್ಲಾಸಲ್ಲಿ ಎಲ್ಲರಿಗೂ ಮನೆಮಾತು ಒಂದೇ ಅಂತ ತಿಳ್ಕೊಂಡು ಮಾಡಿದ್ದು. ನಮ್ಮ ಊರಿನ ಶಾಲೆಗಳಲ್ಲಿ ಒಂದೇ ಬೆಂಚಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಕೂತಿರ್ತದೆ. ತುಳು ಬರುವವನನ್ನು ಮಲಯಾಳ ಮಾತ್ರ ಬರುವವನ ಜತೆ ಹಾಕಿದ್ರೆ ಇಬ್ಬರಿಗೂ ಕನ್ನಡವೇ ಬೇಕಾಗ್ತದೆ, ಇಷ್ಟು ದೊಡ್ಡ ಅನುಕೂಲ ನಮಗುಂಟು, ಜೋಡಿ ಮಾಡುದು ಹೇಗೆ ಅಂತ ಒಂದು ಸೆಷನ್ ಇಡಬೇಕಿತ್ತು. ಕೇಳಿದಾಗ ಟ್ರೈನರ್ ಮುಂದಿನ ಹಂತದಲ್ಲಿ ನೋಡುವ ಅಂದ್ರು.

ಮೈಕ್ರೋ ಟೀಚಿಂಗಿಗೆ, ಅಂದ್ರೆ ಜತೆಯವರ ಎದುರು ಒಂದು ಚಿಕ್ಕ ಪಾಠ ಮಾಡಿ ತೋರಿಸ್ಲಿಕ್ಕೆ, ಒಬ್ಬೊಬ್ಬರಿಗೆ ಸಿಕ್ಕಿದ ಸಮಯವೂ ತೀರಾ ಕಡಿಮೆ, ಶುರು ಮಾಡುವಷ್ಟರಲ್ಲಿ ಬೆಲ್. ಊಟ, ಜಾಗ, ಎಲ್ಲ ಚೆನ್ನಾಗಿತ್ತು.

ಮುಂದಿನ ಬ್ಯಾಚಿಗೆ ಹೋಗುವವರು ನೀವು ನಿಜವಾಗಿ ಕಲಿಸುವ ಪಾಠ ಒಂದನ್ನು ಹಿಡ್ಕೊಂಡು ಹೋಗಿ, ಅವರ ಹಾಳೆ ಬದಿಗಿಟ್ಟು ಅದನ್ನೇ ಚಟುವಟಿಕೆ ಮಾಡಿಸಿಕೊಡಿ ಅಂತ ಪಟ್ಟು ಹಿಡೀರಿ, ಕೇಳಿದವರಿಗೆ ಮಾಡಿಸಿಕೊಡ್ತಾರೆ.