ಗೀರು ಸಾಲೋ, ಎಳೆಹಾಸೋ? ನರತಂತುವಿಗೆ ದಾರಿ ತೋರುವ ಮೇಲ್ಮೈಗಳು

ನರಕೋಶ ನೆಲ ನೋಡಿ ನಡೆಯುತ್ತದೆ ಎಂದು ಓದಿ ತಿಳಿದಿದ್ದೆ. ಅದು ಕಣ್ಣಿಗೆ ಬಿದ್ದದ್ದು ಒಂದೇ ಬಗೆಯ ನರಗಂಟುಗಳನ್ನು ಬೇರೆ ಬೇರೆ ಮೇಲ್ಮೈಗಳ ಮೇಲೆ ಬೆಳೆಸಿದಾಗ. ನುಣುಪು ಗಾಜು, ಗೀರು ಸಾಲುಗಳಿರುವ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರ್, ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್‌ನ ಎಳೆಗಳ ಹಾಸು. ಗಂಟುಗಳೆಂದರೆ ನರಕೋಶಗಳ ಗೊಂಚಲು, ಕೋಳಿಭ್ರೂಣದ ಬೆನ್ನುಹುರಿಯ ಪಕ್ಕದಿಂದ ಬಿಡಿಸಿದವು. ಎಲ್ಲಕ್ಕೂ ಕೋಶ ಅಂಟಿಕೊಳ್ಳಲು ನೆರವಾಗುವ ಲ್ಯಾಮಿನಿನ್ ಪ್ರೋಟೀನಿನ ಅದೇ ಲೇಪ, ನರತಂತು ಬೆಳೆಯಲು ಪ್ರಚೋದಿಸುವ ಎನ್‌ಜಿಎಫ್ ಪ್ರೋಟೀನೂ ಅಷ್ಟಷ್ಟೇ.

ಗಾಜಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ದಿನದಲ್ಲಿ ಗಂಟಿನ ಸುತ್ತ ತಂತುಗಳು ಸೂರ್ಯಕಾಂತಿಯ ದಳದಂತೆ ಎಲ್ಲ ದಿಕ್ಕಿಗೂ ಹರಡಿದವು. ನೋಡಲು ಚೆಂದ. ಆದರೆ ತುಂಡಾದ ನರವನ್ನು ಜೋಡಿಸಲು ಬೇಕಾದದ್ದು ಒಂದೇ ದಿಕ್ಕು.

ಪಿಡಿಎಂಎಸ್ ಮೊದಲು ನನ್ನನ್ನು ಸೋಲಿಸಿತು. ಸಿಲಿಕಾನ್ ಅಚ್ಚಿನ ಮೇಲೆ ಹೊಯ್ದು, ಒಲೆಯಲ್ಲಿ ಗಟ್ಟಿ ಮಾಡಿ, ಮೆಲ್ಲಗೆ ಸುಲಿದರೆ ಸಾಲುಗಳು ಗೆರೆ ಎಳೆದಷ್ಟು ಚೊಕ್ಕ. ಆದರೆ ಅದಕ್ಕೆ ನೀರೆಂದರೆ ಆಗದು. ಲ್ಯಾಮಿನಿನ್ ಸರಿಯಾಗಿ ಕೂರಲಿಲ್ಲ, ಮರುದಿನ ಗಂಟುಗಳು ದ್ರವದಲ್ಲಿ ತೇಲುತ್ತಿದ್ದವು. ಆಕ್ಸಿಜನ್ ಪ್ಲಾಸ್ಮಾಕ್ಕೆ, ಅಂದರೆ ವಿದ್ಯುತ್ತಿನಿಂದ ಅಯಾನೀಕರಿಸಿದ ಆಕ್ಸಿಜನ್ ಅನಿಲಕ್ಕೆ, ಒಡ್ಡಿದರೆ ನೀರು ಹಿಡಿಯುತ್ತದೆ, ಆದರೆ ತಡಮಾಡಿದರೆ ಆ ಗುಣ ಮತ್ತೆ ಇಳಿಯುತ್ತದೆ. ಪ್ಲಾಸ್ಮಾದಿಂದ ತೆಗೆದ ಕೂಡಲೇ ಲೇಪ ಹಾಕತೊಡಗಿದ ಮೇಲೆ ಗಂಟುಗಳು ನಿಂತವು.

ಆಮೇಲೆ ನೋಡಬೇಕಿತ್ತು! ತಂತುವಿನ ತುದಿಯಲ್ಲಿ ಅಂಗೈಯಂತೆ ಹರಡಿದ ಗ್ರೋತ್ ಕೋನ್ ಇರುತ್ತದೆ. ಅದರ ಫಿಲೊಪೋಡಿಯಾ ಎಂಬ ಬೆರಳುಗಳು ನೆಲ ತಡವುತ್ತಾ, ಹಿಡಿತ ಸಿಕ್ಕ ಕಡೆ ತಂತುವನ್ನು ಎಳೆದುಕೊಂಡು ಹೋಗುತ್ತವೆ. 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಗಲದ ಸಾಲಿನೊಳಗೆ ಅವು ಸ್ವಲ್ಪ ಅಲೆದಾಡಿ, ಕೊನೆಗೆ ಗೋಡೆಯ ಅಂಚಿಗೆ ಅಂಟಿ ನಡೆದವು. 10 ಮೈಕ್ರಾನ್ ಸಾಲಿನಲ್ಲಿ ಅಲೆದಾಟಕ್ಕೆ ಜಾಗವೇ ಇರಲಿಲ್ಲ. ಆದರೂ ಅಗಲಕ್ಕಿಂತ ಆಳವೇ ಹೆಚ್ಚು ಮುಖ್ಯ ಎನ್ನಿಸಿತು: ಆಳ ಕಡಿಮೆಯಾದ ಸಾಲುಗಳನ್ನು ತಂತುಗಳು ಸಲೀಸಾಗಿ ದಾಟಿ ಹೋದವು. ಎಲ್ಲ ನರಕೋಶವೂ ಸಾಲಿಗೆ ಒಂದೇ ರೀತಿ ಓಗೊಡುತ್ತದೆ ಎಂದುಕೊಳ್ಳುವಂತಿಲ್ಲ. ಗೀರು ಕೊರೆದ ಕ್ವಾರ್ಟ್ಜ್ ಮೇಲೆ ನಡೆದ 1997ರ ಅಧ್ಯಯನವೊಂದರಲ್ಲಿ ಕಪ್ಪೆಯ ಬೆನ್ನುಹುರಿಯ ತಂತುಗಳು ಸಾಲಿನ ಗುಂಟ ಹೋದವು. ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದ ತಂತುಗಳು ಕಿರಿದಾದ, ಆಳವಿಲ್ಲದ ಸಾಲುಗಳಿಗೆ ಅಡ್ಡಲಾಗಿ ನಡೆದವು. ಹಾಗಾಗಿ ನನ್ನ ಫಲಿತಾಂಶವನ್ನು ನನ್ನ ಕೋಶಗಳಾಚೆಗೆ ಎಳೆಯಲು ನಾನು ಒಪ್ಪುವುದಿಲ್ಲ.

ಎಳೆಹಾಸಿನ ಕೆಲಸ ಬೇರೆಯೇ. ಸಿರಿಂಜಿನ ಸೂಜಿಗೆ ಸುಮಾರು 15 ಕಿಲೊವೋಲ್ಟ್ ಕೊಟ್ಟರೆ ಪಾಲಿಮರ್ ದ್ರಾವಣ ನೂಲಾಗಿ ಚಿಮ್ಮುತ್ತದೆ. ಎದುರಿನ ಡ್ರಮ್ ವೇಗವಾಗಿ ತಿರುಗಿದರೆ ಎಳೆಗಳು ಬಾಚಿದ ಕೂದಲಂತೆ ಸಾಲಾಗಿ ಕೂರುತ್ತವೆ, ನಿಧಾನವಾದರೆ ಸಿಕ್ಕು ಸಿಕ್ಕಾಗಿ ಬೀಳುತ್ತವೆ. ಗಾಳಿಯಲ್ಲಿ ತೇವ ಏರಿಳಿದರೆ ಎಳೆಯ ಹದವೂ ಬದಲಾಗುತ್ತದೆ. ಒಂದು ದಿನದ ಹಾಸು ಇನ್ನೊಂದು ದಿನದ್ದರಂತೆ ಇರುವುದಿಲ್ಲ. ದ್ರವಕ್ಕೆ ಹಾಕಿದರೆ ಸುರುಳಿಯಾಗುತ್ತದೆ, ಅಂಚು ಅಂಟಿಸಲೇಬೇಕು. ಜೀವಂತ ತಂತು ಯಾವುದು, ಎಳೆ ಯಾವುದು ಎಂದು ಸೂಕ್ಷ್ಮದರ್ಶಕದಲ್ಲಿ ಬೇರೆ ಮಾಡುವುದೂ ಕಷ್ಟ. ತಂತುವಿನೊಳಗಿನ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಬಣ್ಣ ಕಟ್ಟಿದ ಮೇಲಷ್ಟೇ ಚಿತ್ರ ಸ್ಪಷ್ಟ.

ಆ ಚಿತ್ರ ನೋಡಿದ ದಿನ ಬಹಳ ಹೊತ್ತು ಕುರ್ಚಿ ಬಿಟ್ಟೇಳಲಿಲ್ಲ. ಗಂಟಿನಿಂದ ಎರಡೇ ದಿಕ್ಕಿಗೆ, ಧೂಮಕೇತುವಿನ ಬಾಲದಂತೆ, ಉದ್ದುದ್ದ ತಂತುಗಳು. ಅವುಗಳ ಜೊತೆ, ನರತಂತುವನ್ನು ಸುತ್ತಿ ಪೋಷಿಸುವ ಶ್ವಾನ್ ಕೋಶಗಳೂ ಕದಿರಿನಂತೆ ಸಪೂರವಾಗಿ ಎಳೆಯುದ್ದಕ್ಕೂ ಮಲಗಿದ್ದವು. ಜೀವವಿಜ್ಞಾನಿ ರಾಸ್ ಹ್ಯಾರಿಸನ್ ಜೇಡರ ಬಲೆಯ ಎಳೆಗಳ ಮೇಲೆ ಕಪ್ಪೆಭ್ರೂಣದ ಕೋಶಗಳನ್ನು ಬೆಳೆಸಿ, ಅವು ಎಳೆ ಹಿಡಿದು ಸಾಗುವುದನ್ನು 1914ರಲ್ಲಿ ಬರೆದಿದ್ದರು. ಅದೇ ನೋಟ ನನ್ನ ಪರದೆಯ ಮೇಲಿತ್ತು.

ಸಿಕ್ಕುಸಿಕ್ಕಾದ ಹಾಸನ್ನೂ ಪರೀಕ್ಷಿಸಿದೆ. ಅಲ್ಲಿ ತಂತುಗಳು ಪ್ರತಿ ಕೂಡುದಾರಿಯಲ್ಲೂ ಎಳೆ ಬದಲಿಸಿ, ಗಂಟಿನ ಹತ್ತಿರವೇ ಉಳಿದವು. ಒರಟುತನವಷ್ಟೇ ಸಾಕಾಗಿದ್ದರೆ ಇಲ್ಲೂ ಅವು ದೂರ ಹೋಗಬೇಕಿತ್ತು.

ಅಳೆಯುವುದಕ್ಕಾದರೆ ಇಂದಿಗೂ ನನ್ನ ಆಯ್ಕೆ ಗೀರು ಸಾಲು. ಅಗಲ, ಆಳ ನಾವು ಹೇಳಿದಷ್ಟೇ. ಪ್ರತಿ ತುಣುಕೂ ಇನ್ನೊಂದರಂತೆ. ಕೋನ ಅಳೆಯಲು ಅನುಮಾನವಿಲ್ಲ. ದುರಸ್ತಿಗಾದರೆ ಸಾಲೆಳೆ, ಅದರಲ್ಲಿ ಎರಡು ಮಾತಿಲ್ಲ. ಕೈಕಾಲಿನ ನರ ತುಂಡಾದಾಗ ಗಾಯದಾಚೆಯ ತಂತು ಸಾಯುತ್ತದೆ, ಅಲ್ಲಿನ ಶ್ವಾನ್ ಕೋಶಗಳು ಮಾತ್ರ ಸಾಲುಗಟ್ಟಿ ಬ್ಯುಂಗ್ನರ್ ಪಟ್ಟಿಗಳಾಗುತ್ತವೆ. ಹೊಸ ತಂತು ದಿನಕ್ಕೆ ಸರಿಸುಮಾರು 1 ಮಿಲಿಮೀಟರ್ ಬೆಳೆಯುತ್ತಾ ಆ ಪಟ್ಟಿ ಹಿಡಿಯಬೇಕು. ನಡುವೆ ತೆರಪು ದೊಡ್ಡದಾದರೆ ವೈದ್ಯರು ಕಾಲಿನ ಸೂರಲ್ ನರ ತೆಗೆದು ಕಸಿ ಮಾಡುತ್ತಾರೆ, ಪಾದದ ಹೊರಅಂಚು ಮರಗಟ್ಟುತ್ತದೆ. ಟೊಳ್ಳು ಕೊಳವೆ ಚಿಕ್ಕ ತೆರಪಿಗಷ್ಟೇ ಸರಿ. ಗೀರು ಕೊರೆದರೂ ಅದು ಕೊಳವೆಯ ಗೋಡೆಯಲ್ಲಿರುತ್ತದೆ, ನಡುವೆಲ್ಲ ಖಾಲಿ. ಎಳೆಗಳನ್ನಾದರೆ ಕೊಳವೆಯ ತುಂಬ ಹಾಸಬಹುದು. ಪಿಡಿಎಂಎಸ್ ದೇಹದಲ್ಲಿ ಕರಗುವುದಿಲ್ಲ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಕರಗುತ್ತದೆ, ಆದರೆ ತೀರಾ ನಿಧಾನ, ಅದು ನನಗೆ ಹಿಡಿಸದ ಗುಣ.

ಇನ್ನೊಂದು ಕೊರತೆ ಎಳೆಗೂ ಇದೆ, ಸಾಲಿಗೂ ಇದೆ. ಸ್ನಾಯುವಿಗೆ ಹೋಗಬೇಕಾದ ತಂತು ಚರ್ಮದ ದಾರಿ ಹಿಡಿದರೂ ಇವು ತಡೆಯಲಾರವು. ನನ್ನ ಡಿಶ್‌ಗಳಲ್ಲಿ ಇದುವರೆಗೆ ಬೆಳೆದದ್ದು ಸ್ಪರ್ಶ, ನೋವುಗಳನ್ನು ಒಯ್ಯುವ ತಂತುಗಳು ಮಾತ್ರ. ಮುಂದಿನ ಹಾಸಿನ ಮೇಲೆ ಸ್ನಾಯುವಿಗೆ ಹೋಗುವ ನರಕೋಶಗಳನ್ನೂ ಅವುಗಳ ಪಕ್ಕದಲ್ಲಿ ಕೂರಿಸುತ್ತೇನೆ.