ಟರ್ಬೊ ಹೋಗಿದೆ ಅಂದ ತಕ್ಷಣ ಬಿಚ್ಚೋಕೆ ಒಪ್ಕೋಬೇಡಿ, ಮೊದ್ಲು ಗಾಳಿ ಪೈಪ್ ನೋಡ್ಸಿ
ಡೀಸೆಲ್ ಫೋರ್ ವೀಲ್ ಡ್ರೈವ್ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ನಾನು ಸರಿಯಾಗೇ ಇದ್ದ ಟರ್ಬೊ (ಇಂಜಿನ್‌ಗೆ ಒತ್ತಡದಲ್ಲಿ ಗಾಳಿ ತುಂಬೋ ಫ್ಯಾನ್) ತೆಗೆಸಿ ಹೊಸದು ಹಾಕಿಸ್ದೆ, ಈಗ ಆ ಹೊಸದೂ ಸವೀತಾ ಇದೆ. ಕಾರಣ ಒಂದು ರಬ್ಬರ್ ಪೈಪ್.

ಶುರುವಾಗಿದ್ದು ಹೀಗೆ. ಲೋಡ್ ಹಾಕ್ಕೊಂಡು ಏರು ಹತ್ತುವಾಗ 2,200 ಆರ್‌ಪಿಎಂ ಹತ್ರ ಬಂದ್ರೆ ಸಾಕು, ಹಿಂದಿಂದ ಯಾರೋ ಹಿಡ್ಕೊಂಡಂಗೆ ಪಿಕಪ್ ಬಿದ್ಹೋಗೋದು, ಇಂಜಿನ್ ಲೈಟ್ ಹತ್ಕೊಳ್ಳೋದು, ಹಿಂದೆ ಕಪ್ಪು ಹೊಗೆ. ಪಕ್ಕಕ್ಕೆ ನಿಲ್ಸಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಏನೂ ಆಗಿಲ್ವೇನೋ ಅನ್ನೋ ಹಾಗೆ ಓಡೋದು. ಸಮತಟ್ಟು ರಸ್ತೇಲಿ ಖಾಲಿ ಗಾಡಿ ಓಡಿಸಿದ್ರೆ ಯಾವ ತೊಂದ್ರೇನೂ ಇಲ್ಲ.

ಗ್ಯಾರೇಜ್‌ಗೆ ತಗೊಂಡ್ಹೋದೆ. ಸ್ಕ್ಯಾನರ್ ಹಾಕಿದ್ರು, ಪಿ0299 ಅನ್ನೋ ಎರರ್ ಕೋಡ್ ಬಂತು. ಈ ಕೋಡ್ ಹೇಳೋದು ಇಷ್ಟೇ: ಇಂಜಿನ್ ಕಂಪ್ಯೂಟರ್ ಕೇಳ್ದಷ್ಟು ಬೂಸ್ಟ್ ಪ್ರೆಷರ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಸಿಗ್ತಿಲ್ಲ. ಟರ್ಬೊ ಕೆಟ್ಟಿದೆ ಅಂತ ಅದು ಎಲ್ಲೂ ಹೇಳಲ್ಲ. ಆದ್ರೆ ಮೆಕ್ಯಾನಿಕ್ ನೇರವಾಗಿ ಟರ್ಬೊ ಹೋಗಿದೆ ಅಂದ್ರು, ಪೈಪ್ ಬಿಚ್ಚಿ ಟರ್ಬೊ ಫ್ಯಾನ್ ಕೂತಿರೋ ಶಾಫ್ಟ್ ಅಲ್ಲಾಡ್ಸಿ ತೋರ್ಸಿದ್ರು, ಒಳಗೆ ಆಯಿಲ್ ಜಿಡ್ಡು ತೋರ್ಸಿದ್ರು, ನಾನು ನಂಬ್ದೆ. ಆಮೇಲೆ ಗೊತ್ತಾಗಿದ್ದು, ಶಾಫ್ಟ್ ಅಕ್ಕಪಕ್ಕಕ್ಕೆ ಸ್ವಲ್ಪ ಅಲ್ಲಾಡೋದು ಸಹಜ, ಓಡುವಾಗ ಬೇರಿಂಗ್‌ನಲ್ಲಿ ಆಯಿಲ್ ತುಂಬ್ಕೊಂಡು ಅದನ್ನ ಮಧ್ಯದಲ್ಲಿ ಹಿಡಿಯುತ್ತೆ. ಹಿಂದೆ ಮುಂದೆ ಎಳೆದಾಗ ಆಟ ಗೊತ್ತಾದ್ರೆ, ಇಲ್ಲಾ ಫ್ಯಾನ್ ರೆಕ್ಕೆ ಗೂಡಿಗೆ ತಾಗ್ತಿದ್ರೆ ಅದು ಚಿಂತೆ ಮಾಡ್ಬೇಕಾದ್ದು. ತೆಳ್ಳಗಿನ ಜಿಡ್ಡು ಕೂಡ ಕ್ರ್ಯಾಂಕ್‌ಕೇಸ್ (ಇಂಜಿನ್ ಕೆಳಭಾಗದ ಗೂಡು) ಆವಿಯಿಂದ ಬಂದೇ ಬರುತ್ತೆ. ಇನ್ನೊಂದು ತಪ್ಪು, ಕೋಡನ್ನ ಅವತ್ತೇ ಅಳಿಸಿಬಿಟ್ರು. ಎಷ್ಟು ಸ್ಪೀಡ್, ಎಷ್ಟು ಲೋಡ್ ಇದ್ದಾಗ ಬಂತು ಅನ್ನೋ ಫ್ರೀಜ್ ಫ್ರೇಮ್ ಕೂಡ ಅದರ ಜೊತೆಗೇ ಹೋಯ್ತು. ನೀವು ಮಾತ್ರ ಅಳಿಸೋಕೆ ಮುಂಚೆ ಫೋಟೋ ತೆಕ್ಕೊಳ್ಳಿ.

ಹೊಸ ಟರ್ಬೊ ಹಾಕಿ ಹತ್ತು ದಿನ ಚೆನ್ನಾಗಿತ್ತು, ಯಾಕಂದ್ರೆ ಆ ಹತ್ತು ದಿನ ಲೋಡೇ ಹಾಕಿರ್ಲಿಲ್ಲ. ಹನ್ನೊಂದನೇ ದಿನ ಏರಲ್ಲಿ ಅದೇ ಕಥೆ, ಅದೇ ಕೋಡ್. ಆಗ ಇಂಜೆಕ್ಟರ್ ಇರ್ಬೇಕು ಅಂದ್ರು, ಆಮೇಲೆ ಇಜಿಆರ್ (ಸ್ವಲ್ಪ ಹೊಗೆ ಮತ್ತೆ ಇಂಜಿನ್‌ಗೆ ಬಿಡೋ ವಾಲ್ವ್) ಅಂದ್ರು, ಕೊನೇಗೆ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್ರೇ ಬದಲಾಯ್ಸೋಣ ಅಂದ್ರು. ಅಲ್ಲಿಗೆ ಗಾಡಿ ವಾಪಸ್ ತಗೊಂಡೆ.

ಎರಡನೇ ಗ್ಯಾರೇಜ್‌ನೋರು ಒಂದು ಬೋಲ್ಟೂ ಮುಟ್ಟದೆ ಲ್ಯಾಪ್‌ಟಾಪ್ ಹಾಕ್ಕೊಂಡು ನನ್ನ ಪಕ್ಕ ಕೂತ್ರು, ಲೋಡ್ ಸಮೇತ ಏರು ಹತ್ಸಿ ಅಂದ್ರು. ಕೇಳ್ತಿದ್ದ ಬೂಸ್ಟ್ 220 ಕಿಲೋಪ್ಯಾಸ್ಕಲ್, ಸಿಗ್ತಿದ್ದಿದ್ದು 160, ಟರ್ಬೊ ವೇನ್ ಆಕ್ಚುಯೇಟರ್‌ಗೆ (ಟರ್ಬೊಗೆ ಹೋಗೋ ಹೊಗೆ ದಾರಿ ಕಿರಿದು ಮಾಡೋ ರೆಕ್ಕೆಗಳನ್ನ ತಿರುಗಿಸೋ ಭಾಗ) ಹೋಗ್ತಿದ್ದ ಆಜ್ಞೆ ಗರಿಷ್ಠ ಮಟ್ಟದಲ್ಲಿತ್ತು. ವಾಪಸ್ ಬಂದು ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ಒಳಗೆ ಹೋಗೋ ಗಾಳಿ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ನೋಡಿದ್ರು, ಹೊರಗಿನ ಗಾಳಿ ಒತ್ತಡವನ್ನೇ ಸರಿಯಾಗಿ ತೋರಿಸ್ತು, ಅಂದ್ರೆ ಸೆನ್ಸರ್ ಸುಳ್ಳು ಹೇಳ್ತಿಲ್ಲ. ಆಕ್ಚುಯೇಟರ್‌ಗೆ ಕೈ ಪಂಪ್‌ನಿಂದ ವ್ಯಾಕ್ಯೂಮ್ ಕೊಟ್ರು, ರಾಡ್ ಸಲೀಸಾಗಿ ಎಳ್ಕೊಂಡು ಹಾಗೇ ನಿಂತ್ಕೊಂಡ್ತು, ಅಂದ್ರೆ ಅದೂ ಸರಿ ಇದೆ. ಕೊನೇಗೆ ಟರ್ಬೊ ಬಾಯಿಗೆ ಮುಚ್ಚಳ ಕೂರ್ಸಿ ಒಳಗೆ ಸ್ವಲ್ಪವೇ ಗಾಳಿ ತುಂಬ್ಸಿ ಸೋಪಿನ ನೀರು ಹಾಕಿದ್ರು. ಇಂಟರ್‌ಕೂಲರ್‌ಗೆ (ಟರ್ಬೊ ಕೊಡೋ ಬಿಸಿ ಗಾಳಿ ತಣ್ಣಗೆ ಮಾಡೋ ಭಾಗ) ಹೋಗೋ ಪೈಪಿನ ಕೆಳಗಿನ ಬಾಗಲ್ಲಿ ಬುಡುಬುಡು ಅಂತ ಗುಳ್ಳೆ ಬಂತು, ಸುಮಾರು ಮೂರು ಸೆಂಟಿಮೀಟರ್ ಸೀಳು. ಇಂಜಿನ್ ಐಡಲ್‌ನಲ್ಲಿದ್ದಾಗ ಅದು ಬಾಯಿ ಮುಚ್ಕೊಂಡಿರುತ್ತೆ, ಪ್ರೆಷರ್ ಏರಿದಾಗ ಮಾತ್ರ ತೆರ್ಕೊಳ್ಳುತ್ತೆ. ಸುತ್ತ ಜಿಡ್ಡಿಗೆ ಧೂಳು ಮೆತ್ಕೊಂಡು ಕರಿ ಪಟ್ಟಿಯೇ ಆಗಿತ್ತು, ಮೊದಲ ದಿನ ಟಾರ್ಚ್ ಹಾಕಿ ನೋಡಿದ್ರೂ ಕಾಣೋದು.

ಸೀಳು ಚಿಕ್ಕದಲ್ವಾ ಅಂತ ಹಾಗೇ ಓಡಿಸ್ಬೇಡಿ. ಗಾಳಿ ಸಾಲ್ದೆ ಇದ್ದಾಗ ಕಂಪ್ಯೂಟರ್ ವೇನ್ ಮುಚ್ಚಿ ಟರ್ಬೊನ ಇನ್ನೂ ಜೋರಾಗಿ ತಿರುಗಿಸುತ್ತೆ, ಮೊದಲೇ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಮೇಲೆ ತಿರುಗೋ ವಸ್ತು ಅದು, ಮಿತಿ ಮೀರಿದ್ರೆ ಬೇರಿಂಗ್ ತಿನ್ನುತ್ತೆ. ಇತ್ತ ಡೀಸೆಲ್‌ಗೆ ತಕ್ಕ ಗಾಳಿ ಇಲ್ದೆ ಮಸಿ ಜಾಸ್ತಿ, ಡಿಪಿಎಫ್ (ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್) ಬೇಗ ತುಂಬುತ್ತೆ, ಆ ಮಸಿ ಸುಡೋಕೆ ಕಂಪ್ಯೂಟರ್ ಪದೇ ಪದೇ ಹೆಚ್ಚುವರಿ ಡೀಸೆಲ್ ಬಿಡುತ್ತೆ, ಅದರಲ್ಲಿ ಒಂದಷ್ಟು ಸಿಲಿಂಡರ್ ಗೋಡೆ ಹಿಡ್ಕೊಂಡು ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತೆ. ನಂದು ಡಿಪ್‌ಸ್ಟಿಕ್‌ನಲ್ಲಿ ಮ್ಯಾಕ್ಸ್ ಗೆರೆ ದಾಟಿತ್ತು, ಮೂಸಿದ್ರೆ ಡೀಸೆಲ್ ವಾಸನೆ. ಆಯಿಲ್ ಲೆವೆಲ್ ತಾನಾಗೇ ಏರ್ತಿದ್ರೆ ಓಡಿಸೋದು ನಿಲ್ಲಿಸಿ.

ನನಗೆ ಈಗ್ಲೂ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಟರ್ಬೊ ಆಯಿಲ್ ಬಿಡ್ತಿದೆ ಅಂತ ಮೊದಲ ಗ್ಯಾರೇಜ್‌ನೋರೇ ಹೇಳಿದ್ರಲ್ಲ, ಹಾಗಿದ್ರೆ ಇಂಟರ್‌ಕೂಲರ್ ಇಳಿಸಿ ತೊಳೀಬೇಕಿತ್ತು, ಮುಟ್ಟೇ ಇಲ್ಲ. ಅದರಲ್ಲಿ ನಿಜವಾಗಿ ಆಯಿಲ್ ನಿಂತಿದ್ರೆ ಇಂಜಿನ್ ಅದನ್ನೇ ಹೀರಿ ಉರಿಸ್ಕೊಂಡು ತನ್ನಷ್ಟಕ್ಕೆ ರೇಸ್ ಆಗಬಹುದು, ಆಗ ಕೀ ತೆಗೆದ್ರೂ ನಿಲ್ಲಲ್ಲ, ಒಳಗೆ ಹೋಗೋ ಗಾಳಿ ಕಟ್ಟಾದ್ರೇ ನಿಲ್ಲೋದು.

ಪೈಪ್ ಬದಲಾಯ್ಸಿದ ಮೇಲೆ ಅದೇ ಏರು, ಅದೇ ಲೋಡ್, ಕೇಳಿದಷ್ಟೂ ಬೂಸ್ಟ್ ಬಂತು. ಆದ್ರೆ ಹೊಸ ಟರ್ಬೊ ಶಾಫ್ಟ್ ಈಗ ಹಿಂದೆ ಮುಂದೆ ಸಣ್ಣಗೆ ಆಡ್ತಿದೆ. ಆಯಿಲ್ ಉರಿದಾಗ ಬರೋ ನೀಲಿ ಹೊಗೆ ಇನ್ನೂ ಬಂದಿಲ್ಲ, ತಿಂಗಳಿಗೊಂದ್ಸಲ ಪೈಪ್ ಬಿಚ್ಚಿ ನೋಡ್ತಾ ಇದೀನಿ.